ಶಾಂತಾಳ ಮುಂದಿನ ಎರಡು ಹಲ್ಲು

ಶಾಂತಾ, ನೀನು ಮೆಟ್ಟಿಲಿನಿಂದ ಬೀಳಲಿಲ್ಲ. ನಿನ್ನ ಮುಂದಿನ ಎರಡು ಹಲ್ಲು ಮುರಿದವಳು ನಾನು, ನಿನ್ನ ಅಕ್ಕ. ಇದು ನಿನಗೆ ಗೊತ್ತು. ಅವ್ವನಿಗೆ ಇಂದಿಗೂ ಗೊತ್ತಿಲ್ಲ.

ಆಗ ನಾವು ಕೂಲಿಗೆಂದು ಬಂದ ಮರಾಠಿ ಸೀಮೆಯ ಕಾಮೋಠೆಯಲ್ಲಿ, ಕಟ್ಟುತ್ತಿದ್ದ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದೆವು. ನಿನಗೆ ಎಂಟು, ನನಗೆ ಹದಿನಾಲ್ಕು. ನಾಲ್ಕನೆಯ ತರಗತಿಗೇ ನನ್ನ ಶಾಲೆ ಬಿಡಿಸಿದ್ದು ನಿನ್ನನ್ನು ನೋಡಿಕೊಳ್ಳಲಿಕ್ಕೆ — ಆ ಸಿಟ್ಟು ನನ್ನೊಳಗೆ ಇತ್ತು. ನಿನಗೆ ದವಡೆ ಹಲ್ಲು ನೋಯತೊಡಗಿದಾಗ ತವೆಯ ಮೇಲೆ ತಂಬಾಕು ಸುಟ್ಟು, ಪುಡಿ ಮಾಡಿ, ಆ ಮಶೇರಿಯನ್ನು ನಾನೇ ನಿನ್ನ ಬಾಯಿಗೆ ತಿಕ್ಕಿದೆ. ನಮ್ಮ ಹೆಂಗಸರೆಲ್ಲ ಹಲ್ಲುಜ್ಜುತ್ತಿದ್ದದ್ದೇ ಅದರಿಂದ. ನೀನು ವಾಂತಿ ಮಾಡಿಕೊಂಡು ಮಲಗಿಬಿಟ್ಟೆ. ಅಳು ನಿಂತಿತು — ನನಗೆ ಅಷ್ಟೇ ಬೇಕಿತ್ತು. ಮರುದಿನ ಮತ್ತೆ ತಿಕ್ಕಿದೆ. ತಿಂಗಳೊಳಗೆ ನೀನೇ ಮಶೇರಿ ಡಬ್ಬಿ ಕೇಳತೊಡಗಿದೆ.

ಶಾಲೆಗೆ ಹಲ್ಲಿನ ಡಾಕ್ಟರು ಬಂದ ದಿನ ನಿನ್ನ ಕಪ್ಪು ವಸಡು ನೋಡಿ, ತಂಬಾಕು ಯಾರು ಕೊಡುತ್ತಾರೆ ಎಂದು ಕೇಳಿದರಂತೆ. ನೀನು ನಿಜ ಹೇಳಿದೆ. ಕರೆತರಲು ಬಂದ ನನ್ನನ್ನು ಟೀಚರ್ ಬಾಗಿಲಲ್ಲೇ ನಿಲ್ಲಿಸಿದರು. "ಲಹಾನ್ ಪೋರೀಲಾ ತಂಬಾಖೂ? ಲಾಜ್ ನಾಹೀ ವಾಟತ್?" — ಸಣ್ಣ ಹುಡುಗಿಗೆ ತಂಬಾಕೇ, ನಾಚಿಕೆಯಿಲ್ಲವೇ ಎಂದು. ಇಡೀ ತರಗತಿ ನಕ್ಕಿತು.

ಶೆಡ್ಡಿಗೆ ಬಂದು ಬಾಗಿಲು ಹಾಕಿದೆ. ನಿನ್ನ ಜಡೆ ಹಿಡಿದು ತಗಡಿಗೆ ಅಪ್ಪಳಿಸಿದೆ.

"ನನ್ನ ಹೆಸರ ಹೇಳತೀ? ಇನ್ನೊಮ್ಮೆ ಹೇಳ ನೋಡೂಣು!"

"ಡಾಕ್ಟರ್ ಕೇಳಿದ್ರು... ಬಿಡ ಅಕ್ಕಾ..."

ನೀರಿನ ಹಿತ್ತಾಳೆ ಚರಿಗೆ ಕೈಗೆ ಸಿಕ್ಕಿತು. ಬಾಯಿಯ ಮೇಲೆ ಹೊಡೆದೆ. ಒಮ್ಮೆ ಅಲ್ಲ. ಎರಡನೆಯ ಏಟಿಗೆ ಕೈ ಎತ್ತಿದಾಗ ರಕ್ತ ಕಂಡಿತ್ತು — ಕಂಡೂ ಹೊಡೆದೆ. ಈ ಮಾತು ಬರೆಯಲಿಕ್ಕೇ ಇಷ್ಟು ವರ್ಷ... ಅವು ಹಾಲುಹಲ್ಲಲ್ಲ, ಆಗಷ್ಟೇ ಬಂದ ಹೊಸ ಹಲ್ಲು.

ಸಂಜೆ ಅವ್ವನಿಗೆ, "ಪಾವಟಿಗಿ ಮ್ಯಾಲಿಂದ ಬಿದ್ದಾಳ" ಎಂದೆ. ಬೇಡವೆಂದರೂ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಓಡಿದೆಯಾ ಎಂದು ಅವ್ವ ಆ ಊದಿದ ಬಾಯಿಗೇ ಇನ್ನೊಂದು ಏಟು ಕೊಟ್ಟಳು. ನೀನು ನನ್ನನ್ನೇ ನೋಡಿದೆ. ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ಏನಾಗುತ್ತದೆಂದು ನಾನು ಕಲಿಸಿಯಾಗಿತ್ತು.

ಈಗ ನೀನು ಬಾಲವಾಡಿಯಲ್ಲಿ ಮಕ್ಕಳಿಗೆ ಬ್ರಶ್ ಹಿಡಿಯಲು ಕಲಿಸುತ್ತೀಯ — ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಮೊನ್ನೆ ನನ್ನ ಮಗಳು ನಿನ್ನನ್ನು ತೋರಿಸಿ ಕೇಳಿದಳು: "ಮಾವಶಿ ನಗೂವಾಗ ಬಾಯಿ ಯಾಕ ಮುಚ್ಕೋತಾಳ?"

"ಸಣ್ಣಾಕಿದ್ದಾಗ ಓಡಿ ಬಿದ್ದಾಳ, ಮಂಗ್ಯಾನಂಥಾಕಿ," ಎಂದು ಅವ್ವ ನಕ್ಕಳು. ನೀನೂ ಸೆರಗಿನೊಳಗೇ ನಕ್ಕೆ. ನಾನು ರೊಟ್ಟಿ ತಟ್ಟುತ್ತಲೇ ಇದ್ದೆ.

ಭಾನುವಾರ ನೀನು, ಅವ್ವ ಇಬ್ಬರೂ ಮತ್ತೆ ಬರುತ್ತೀರಿ. ಆ ಚರಿಗೆ ಇನ್ನೂ ನನ್ನ ಮನೆಯಲ್ಲಿದೆ. ಅದನ್ನು ಅವ್ವನ ಮುಂದಿಟ್ಟು ಹೇಳುತ್ತೇನೆ. ಆಮೇಲೆ ಅವ್ವ ಈ ಮನೆಗೆ ಬರುವುದನ್ನೇ ಬಿಟ್ಟರೂ — ಹೇಳುತ್ತೇನೆ.