ಎರಡನೇ ಸಲ ಕೇಳಬಾರದು

ಹೊಸನಗರದಲ್ಲಿ ನಿರ್ಧಾರ ಸೂಚಿಸುವ ಸಾಫ್ಟ್‌ವೇರನ್ನು ನಮಗೆ ಕಲಿಸುವ ಯೋಗರಾಜ್ ಮೇಷ್ಟ್ರು, ದೇವರಲ್ಲಿ ಹೂವಿನ ಪ್ರಸಾದ ಕೇಳುವವರಂತೆ ಕೈಕಾಲು ತೊಳೆದೇ ಕಂಪ್ಯೂಟರ್ ಮುಟ್ಟುತ್ತಾರೆ. ಇಡ್ಲಿಯೋ ಅವಲಕ್ಕಿಯೋ ಎಂಬುದಕ್ಕೂ ಹಸಿವಿಗಿಷ್ಟು, ರುಚಿಗಿಷ್ಟು ಎಂದು ಅಂಕ ಕೊಟ್ಟು ಅದನ್ನೇ ಕೇಳುತ್ತಾರೆ. "ಅದು ಹೇಳಿದ್ಮೇಲೆ ಮುಗೀತು ಮಾರಾಯ್ರೆ, ಎರಡ್ನೇ ಸಲ ಕೇಳ್ಬಾರ್ದು," ಎನ್ನುತ್ತಾರೆ. ಆದರೆ ಊಟದ ಹೊತ್ತಿನಲ್ಲಿ ಒಬ್ಬರೇ ಕೂತು ದಿನವೂ ಒಂದೇ ಪ್ರಶ್ನೆ ಹಾಕುತ್ತಾರೆ: ಹೆಂಡತಿ ಬಿಂದುವಿಗೆ ಎದೆನೋವು, ಆಸ್ಪತ್ರೆಗೆ ಇವತ್ತೋ ನಾಳೆಯೋ? ಆರು ವರ್ಷದ ಹಿಂದೆ ಅದು 'ನಾಳೆ' ಎಂದಿತ್ತು. ಆ ರಾತ್ರಿ ಮೇಷ್ಟ್ರು ಮತ್ತೆ ಕೇಳಲಿಲ್ಲ, ಬಿಂದು ಬೆಳಗು ಕಾಣಲಿಲ್ಲ. ಈಗಲೂ ಆಕೆಯ ವಯಸ್ಸನ್ನು ವರ್ಷಕ್ಕೊಂದು ಏರಿಸಿ ಬರೆಯುತ್ತಾರೆ. ನಿನ್ನೆ ಮೊದಲ ಸಲ ನೋವಿಗೆ ಹತ್ತಕ್ಕೆ ಹತ್ತು ಕೊಟ್ಟರು. ಪರದೆಯಲ್ಲಿ 'ಇವತ್ತೇ' ಎಂದು ಬಂತು. ಮೇಷ್ಟ್ರು ಚೀಲ ಹೆಗಲಿಗೇರಿಸಿ ಹೊರಬಂದು ನನಗೆ ಹೇಳಿದರು: "ಒಂದು ಆಟೋ ಕರೀರಿ. ಬಿಂದು ಕಾಯ್ತಿದಾಳೆ."