ಅಮ್ಮನ ಹೆಸರಿದ್ದ ಗಾಡಿ

೧೯೬೨ರ ಜನವರಿ ಒಂಬತ್ತು. ಬೆಳಗಿನಿಂದ ಮೋಡ, ಮಳೆಯಿಲ್ಲ. ಬಂಗಾರಪೇಟೆಯ ಅಂಗಡಿಯಲ್ಲಿ ಎರಡು ಮೋಟಾರ್ ಸೈಕಲ್‌ಗಳಿದ್ದವು. ಹೊಸ ವರ್ಷದ್ದಕ್ಕೆ ಎರಡು ಸಾವಿರದ ಇನ್ನೂರು ರೂಪಾಯಿ, ಹಿಂದಿನ ವರ್ಷ ಮಾರದೆ ಉಳಿದದ್ದಕ್ಕೆ ಎರಡು ಸಾವಿರ. ದೀಪವೊಂದು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಹಳೆಯದರ ಟ್ಯಾಂಕಿನ ಮೇಲೆ ತಮಿಳಿನಲ್ಲಿ ಮಾರಿಯಮ್ಮನ ಹೆಸರು ಬರೆದಿತ್ತು.

“ಬುಕ್ ಮಾಡಿದೋನು ಬರೆಸಿದ್ದು, ಸಾರ್. ಗಾಡಿ ತಗೊಳ್ಳೋಕೆ ಮುಂಚೇನೆ ಗಣೀಲಿ ಓಗ್ಬಿಟ್ಟ,” ಎಂದ ಮಾಲೀಕ. “ಅಮ್ಮನ ಎಸರು ಕೆರೆಯೋಕೆ ಭಯ, ಸತ್ತೋನ ಗಾಡಿ ಯಾರಿಗೂ ಬ್ಯಾಡ. ಅವನ ಮುಂಗಡ ಮುನ್ನೂರು ನನ್ನತ್ರ ಐತೆ. ಅದನ್ನ ನಿಮ್ಮ ಬೆಲೇಲಿ ಕಳೀತೀನಿ.”

“ಅವನ ಮನೆಯವರು?”

“ಯಾರೂ ಬಂದಿಲ್ಲ.”

ಪುಸ್ತಕ ಓದಿ ಅಂಥ ಭಯಗಳನ್ನು ಕಳೆದುಕೊಂಡವನು ನಾನು. ಹಳೆಯದನ್ನೇ ಕೊಂಡೆ.

ಮರುವಾರ ಉರಿಗಾಂನ ಗಣಿ ಕಾರ್ಮಿಕರ ಮನೆಗಳ ಮುಂದೆ ಗಾಡಿ ನಿಲ್ಲಿಸಿದಾಗ ಒಬ್ಬ ಹೆಂಗಸು ಬಂದು ಆ ಹೆಸರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ನಮ್ಮನೆಯೋರು ಬರೆಸಿದ್ದು ಸಾರ್. ಗಾಡಿ ಮಾರಿದ್ಮೇಲೆ ಮುಂಗಡ ವಾಪಸ್ ಕೊಡ್ತೀನಿ ಅಂದವ್ರೆ ಅಂಗಡಿಯೋರು. ಮೂರು ಸಲ ಓಗಿ ಬಂದೆ. ನೀವು ಎರಡು ಸಾವಿರಾನೂ ಕೊಟ್ರಾ?”

ಸತ್ತವನಿಗೆ ಹೆದರದ ನಾನು ಆಕೆಯ ಮುಖ ನೋಡಲಾರದೆ ಹೇಳಿದೆ:

“ಸಾವಿರದ ಏಳುನೂರು.”