ಕಂಪಾಲಾದ ಕೊಕ್ಕರೆಗೆ ಅವ್ವನ ಬಾಣಂತನ

ಕಳೆದ ಮಂಗಳವಾರ ಬೆಳಿಗ್ಗೆ ನಮ್ಮವ್ವ ಕಂಪಾಲಾದ ಒಂದು ಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು. ಎದುರಿಗೆ ಮರ ಕೊಯ್ಯುವ ಮಷೀನ್ ಹಿಡಿದ ಇಬ್ಬರು ಗಂಡಸರು. ಇವಳ ಮಡಿಲಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ.

ಅವರಿಗೆ ಕನ್ನಡ ಬರುವುದಿಲ್ಲ. ಇವಳಿಗೆ ಕನ್ನಡ ಬಿಟ್ಟು ಬೇರೇನೂ ಬರುವುದಿಲ್ಲ. ಆದರೂ ಅರ್ಧ ಗಂಟೆಯಿಂದ ಮಾತುಕತೆ ಜೋರಾಗಿಯೇ ನಡೆದಿತ್ತು.

ನಾನು ಕಿವಿಗೆ ಹತ್ತಿ ಇಟ್ಟು, ತಲೆಗೆ ಮಫ್ಲರ್ ಸುತ್ತಿಕೊಂಡು ಬಾಲ್ಕನಿಯಿಂದ ನೋಡುತ್ತಿದ್ದೆ. (ಹೌದು, ಭೂಮಧ್ಯರೇಖೆಯ ಪಕ್ಕದಲ್ಲೇ ಮಫ್ಲರ್. ನಾನು ಇಪ್ಪತ್ತೈದು ದಿನದ ಬಾಣಂತಿ. ಅವ್ವ ಮನೆಯಲ್ಲಿರುವಾಗ ಬಾಣಂತಿಗೆ ಪ್ರಶ್ನೆ ಕೇಳುವ ಹಕ್ಕಿಲ್ಲ.)

ಇದೆಲ್ಲ ಶುರುವಾಗಿದ್ದು ಹೇಗೆ ಅಂತ ಹೇಳಬೇಕು. ಹೇಳಿದರೆ ನನ್ನ ಮರ್ಯಾದೆಯೇ ಹೋಗುತ್ತದೆ. ಇರಲಿ, ಹೇಳುತ್ತೇನೆ.

ನಾವು ಉಗಾಂಡಾಕ್ಕೆ ಬಂದು ಎಂಟು ವರ್ಷವಾಯಿತು. ನಮ್ಮ ಮನೆಯವರು ಮಳವಳ್ಳಿ ಕಡೆಯವರು, ಇಲ್ಲಿ ಒಂದು ಹಾಲಿನ ಕಂಪನಿಯಲ್ಲಿ ಮಷೀನುಗಳ ಉಸ್ತುವಾರಿ. ನಾನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವಳು. ಮೊದಲ ಮಗನ ಹೆರಿಗೆ ಮಂಡ್ಯದಲ್ಲಾಗಿತ್ತು. ಎರಡನೆಯದಕ್ಕೂ ನಾನು ಬರುತ್ತೇನೆಂದು ಅವ್ವ ಕೋಣೆಗೆ ಸುಣ್ಣ ಹೊಡೆಸಿ, ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಕಾಯುತ್ತಿದ್ದಳು.

ನಾನು ಫೋನಿನಲ್ಲಿ, ‘ಡಾಕ್ಟರು ವಿಮಾನ ಹತ್ತಬೇಡ ಅಂದಿದ್ದಾರೆ’ ಎಂದೆ.

ಡಾಕ್ಟರು ಹಾಗೇನೂ ಅಂದಿರಲಿಲ್ಲ. ಮೂರು ತಿಂಗಳು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿ, ನೋಡಲು ಬಂದವರೆಲ್ಲ ಮಗುವಿನ ಬಣ್ಣದ ಬಗ್ಗೆ ಕೊಡುವ ತೀರ್ಪು ಕೇಳಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಅಷ್ಟೇ. ಆದರೆ ಅದನ್ನು ಅವ್ವನಿಗೆ ಹೇಳಲು ಧೈರ್ಯ ಯಾರಿಗಿದೆ?

ಅವಳು ಬರದೇ ಬಿಟ್ಟಾಳೆಯೇ? ಅರವತ್ತಾರನೇ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದಳು. ಊರಿಂದ ವಾಪಸಾಗುತ್ತಿದ್ದ ನಮ್ಮವರ ಸಹೋದ್ಯೋಗಿಯೊಬ್ಬರ ಜೊತೆ ಹೊರಟೇಬಿಟ್ಟಳು. ಬಟ್ಟೆ ಎರಡು ಕೆಜಿ, ಉಳಿದದ್ದೆಲ್ಲ ರಾಗಿಹಿಟ್ಟು, ಒಣಶುಂಠಿ, ಸಾಮ್ರಾಣಿ. ಮನೆಯೊಳಗೆ ಕಾಲಿಟ್ಟು ಸುತ್ತಲೂ ನೋಡಿ, ಅಳಿಯನ ಕಡೆ ತಿರುಗಿ ಅಂದಳು:

“ಎಣ್ಣುಮಗ್ಳು ತವ್ರಿಗ್ ಬರ್ನಿಲ್ಲ. ತವ್ರೇ ಎಣ್ಣುಮಗ್ಳ ಅತ್ರುಕ್ ಬತ್ತಲ್ಲಪ್ಪ!”

ಇವರು ಸೂಟ್‌ಕೇಸ್ ಇಡುವ ನೆಪದಲ್ಲಿ ಒಳಗೆ ಹೋದರು. ಜಾಣರು.

ಊರಿಂದ ಯಾರಾದರೂ ಬರುತ್ತಾರೆಂದರೆ ನಮ್ಮಂಥವರು ಮಾಡುವ ಮೊದಲ ಕೆಲಸವೇನು? ಏನೇನು ತೋರಿಸಬೇಕೆಂದು ಲಿಸ್ಟ್ ಬರೆಯುವುದು. ನೈಲ್ ನದಿ ಹುಟ್ಟುವ ಜಾಗ, ಸಿಂಹಗಳ ಸಫಾರಿ, ದೊಡ್ಡ ಮಾಲ್. ನಮ್ಮ ಲಿಸ್ಟ್ ಈಗಲೂ ಫ್ರಿಜ್ ಬಾಗಿಲ ಮೇಲಿದೆ. ಅವ್ವ ಇಲ್ಲಿ ನೋಡಿದ್ದು ಒಂದೇ. ಕಾಂಪೌಂಡಿನ ಮರ, ಮತ್ತು ಅದರ ಮೇಲಿನ ಕಲೋಲಿ.

ಕಲೋಲಿ ಎಂದರೆ ಇಲ್ಲಿನ ಕೊಕ್ಕರೆ. ನಮ್ಮೂರಿನ ಬಣ್ಣದ ಕೊಕ್ಕರೆಯನ್ನು ನೆನೆಸಿಕೊಳ್ಳಬೇಡಿ. ಇದು ನನ್ನ ಏಳು ವರ್ಷದ ಮಗನಷ್ಟು ಎತ್ತರ. ಬೋಳು ತಲೆ, ಕತ್ತಿನಿಂದ ನೇತಾಡುವ ಗುಲಾಬಿ ಚೀಲ, ಊಟ ಕಸದ ರಾಶಿಯಲ್ಲಿ. ಊರಿಗೆ ಊರೇ ಮೂಗು ಮುಚ್ಚಿಕೊಂಡು ಓಡಿಸುವ ಪಕ್ಷಿ.

ಅವ್ವ ಅದನ್ನು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು.

“ಅಯ್ಯೋ, ತಲೆಕೂದ್ಲೆಲ್ಲ ಉದುರೋಗದಲ್ಲಮ್ಮಿ! ಇವುಕ್ಕೆ ಬಾಣಂತನ ಯಾರೂ ಸರ್ಯಾಗ್ ಮಾಡ್ನಿಲ್ವಾ?”

ನಗಬೇಡಿ. ನಮ್ಮೂರಿನವರು ಹಾಗೆಯೇ. ವರ್ಷಾ ವರ್ಷಾ ಅಲ್ಲಿನ ಹುಣಸೆಮರಗಳಿಗೆ ಕೊಕ್ಕರೆ, ಹೆಜ್ಜಾರ್ಲೆಗಳು ಬಂದು ಗೂಡು ಕಟ್ಟುತ್ತವೆ. ಊರಿನವರಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಗೂಡಿರುವ ಮರದ ಹುಣಸೆಹಣ್ಣನ್ನು ಬಡಿಯಲು ಕೂಡ ಹಿಂದೆಮುಂದೆ ನೋಡುತ್ತಾರೆ. ನಾನು ಆ ಹಕ್ಕಿಗಳ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವಳು.

ಅಂಥ ನಾನು ಇಲ್ಲಿ ಏನು ಮಾಡಿದ್ದೆ ಗೊತ್ತೇ? ಅವ್ವ ಬರುವ ಮುಂಚೆಯೇ ಮನೆ ಓನರ್‌ಗೆ ದೂರು ಕೊಟ್ಟಿದ್ದೆ. ವಾಸನೆ ತಡೆಯಲಾಗುವುದಿಲ್ಲ, ಕಾರಿನ ಮೇಲೆಲ್ಲ ಹಿಕ್ಕೆ, ಆ ಕೊಂಬೆಗಳನ್ನು ಕಡಿಸಿ ಅಂತ. ಜೊತೆಗೆ ಕಾರಿನ ಫೋಟೊ ಬೇರೆ ಕಳಿಸಿದ್ದೆ.

ಅವ್ವನಿಗೆ ಇದು ಗೊತ್ತಿಲ್ಲ. ಅವಳು ದಿನಾ ಬೆಳಿಗ್ಗೆ ಅದೇ ಕಾರಿನ ಮೇಲಿನ ಹಿಕ್ಕೆಯನ್ನು ತೆಂಗಿನ ಚಿಪ್ಪಿನಲ್ಲಿ ಕೆರೆದು ಬಕೆಟ್ಟಿಗೆ ತುಂಬುತ್ತಿದ್ದಳು. “ಬಂಗಾರ್ದಂತ ಗೊಬ್ರ ಕಣಮ್ಮಿ, ನೀರಾಕಿ ತೊಳ್ದು ಆಳ್ ಮಾಡ್ಬ್ಯಾಡಿ” ಎಂದು ಅಳಿಯನಿಗೂ ಕೇಳುವ ಹಾಗೆ ಹೇಳುತ್ತಿದ್ದಳು. ಕಾಂಪೌಂಡಿನ ಮೂಲೆಯಲ್ಲಿ ಮೆಂತ್ಯದ ಸೊಪ್ಪು ಎದ್ದಿತ್ತು. ಮರದ ಮೇಲೆ ಮೂರು ಗೂಡು, ಗೂಡಿನಲ್ಲಿ ಮರಿ. ಸಂಜೆ ಎಣಿಸಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದಳು. ನಾನು ‘ಹೂಂ’ ಅನ್ನುತ್ತಿದ್ದೆ.

ಹಾಗಾಗಿ ಮಂಗಳವಾರ ಮಷೀನಿನವರು ಬಂದಾಗ ಅವಳು ಕುರ್ಚಿ ಹಾಕಿಕೊಂಡು ಕೂತದ್ದು.

ಸುದ್ದಿ ಹೋಗಿ ಓನರ್ ಬಂದರು. ಅವರನ್ನು ಎಲ್ಲರೂ ಮಾಮಾ ರೂತ್ ಎನ್ನುತ್ತಾರೆ. (ರೂತ್ ಅವರ ಮಗಳು. ಮಾಮಾ ಎಂದರೆ ಇಲ್ಲಿ ಅಮ್ಮ.) ಗಟ್ಟಿ ಹೆಂಗಸು. ನನ್ನನ್ನು ಕೆಳಗೆ ಕರೆದರು. ಇವರು ಕೆಲಸಕ್ಕೆ ಹೋಗಿದ್ದರು, ಅಲ್ಲಿ ಎರಡೂ ಭಾಷೆ ಬರುವವಳು ನಾನೊಬ್ಬಳೇ.

“ನಿನ್ನ ತಾಯಿಗೆ ಏನು ಬೇಕಂತೆ?” ಎಂದು ಮಾಮಾ ರೂತ್ ಇಂಗ್ಲಿಷಿನಲ್ಲಿ ಕೇಳಿದರು.

ಅವ್ವನಿಗೆ ಪ್ರಶ್ನೆ ಅರ್ಥವಾಗಲು ನಾನು ಬೇಕಾಗಲಿಲ್ಲ.

“ಎರಿಗೆಗ್ ಬಂದೋರ ಕ್ವಾಣೆನ ಯಾರಾದ್ರೂ ಕೆಡುವ್ತಾರಾ? ವಸಿ ಕೇಳಮ್ಮಿ ಈ ತಾಯ್ನ. ಇವ್ರಿಗೂ ಎಣ್ಣುಮಕ್ಳು ಇದ್ದಾರು.”

ನಾನು ಅನುವಾದಿಸಿದೆ. ಸ್ವಲ್ಪ ಉಪ್ಪು ಖಾರ ಕಡಿಮೆ ಮಾಡಿ, ‘ಮರಿಗಳಿವೆಯಲ್ಲ, ಪಾಪ ಅಂತಿದ್ದಾರೆ’ ಅಂದೆ. ಮಾಮಾ ರೂತ್ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, “ನನಗೇನು ಈ ಮರ ಕಡಿಸುವ ಹುಚ್ಚೇ? ಕಡಿಸಿ ಕಡಿಸಿ ಅಂತ ಮೆಸೇಜ್ ಮೇಲೆ ಮೆಸೇಜ್ ಕಳಿಸಿದವಳು ನೀನೇ ಅಲ್ಲವೇ?” ಎಂದರು.

ನಾನು ಮಫ್ಲರನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡೆ.

“ಯೋನಂತೆ?” ಅಂದಳು ಅವ್ವ.

“ಏನಿಲ್ಲ, ಬಿಸಿಲು ಜಾಸ್ತಿ, ಒಳಗೆ ಹೋಗಿ ಅಂತಿದ್ದಾರೆ.”

ಮಾಮಾ ರೂತ್ ಫೋನ್ ತೆಗೆದು ಅವ್ವನ ಮುಖದ ಮುಂದೆ ಹಿಡಿದರು. ನಾನು ಕಳಿಸಿದ ಫೋಟೊ. ಬಿಳಿ ಕಾರು, ನಂಬರ್ ಪ್ಲೇಟು, ಗಾಜಿನ ತುಂಬ ಹಿಕ್ಕೆ. ಮತ್ತೆ ಬೆರಳು ನನ್ನ ಕಡೆ.

ಅವ್ವ ಫೋನ್ ನೋಡಿದಳು. ಕಾರು ನೋಡಿದಳು. ನನ್ನನ್ನು ನೋಡಿದಳು. ಬಯ್ಯುತ್ತಾಳೆ ಅಂದುಕೊಂಡೆ. ಅವಳ ಬೈಗುಳ ಮಂಡ್ಯದ ಸಂತೆಯಲ್ಲೇ ಹೆಸರುವಾಸಿ. ಅವಳು ಬಯ್ಯಲಿಲ್ಲ. ಬೆಳ್ಳುಳ್ಳಿ ಸುಲಿಯುವುದನ್ನು ಮುಂದುವರಿಸುತ್ತಾ ಮೆಲ್ಲಗೆ ಅಂದಳು:

“ನೀನಂತೂ ಎರಿಗೆಗೆ ಬರ್ನಿಲ್ಲ. ಬಂದೋರ್ನೂ ಓಡುಸ್ತಿಯಲ್ಲಮ್ಮಿ.”

ಕಿವಿಯಲ್ಲಿ ಅಷ್ಟು ಹತ್ತಿ ಇದ್ದರೂ ಒಂದು ಅಕ್ಷರವೂ ತಪ್ಪದೆ ಕೇಳಿಸಿತು. ಸುಣ್ಣ ಹೊಡೆಸಿದ ಕೋಣೆ, ಅಟ್ಟದಿಂದ ಇಳಿದ ತೊಟ್ಟಿಲು ಎಲ್ಲ ಕಣ್ಣ ಮುಂದೆ ಬಂತು. ನನಗೆ ಅಳು ಬಂತು. ಬಾಣಂತಿಯರಿಗೆ ಅಳು ಬೇಗ ಬರುತ್ತದೆ ಎನ್ನುತ್ತಾರೆ, ಆದರೆ ಇದು ಅದಲ್ಲ. ನಾಚಿಕೆಯ ಅಳು.

“ಏನಂದರು?” ಎಂದು ಮಾಮಾ ರೂತ್ ಕೇಳಿದರು. ಈ ಸಲ ನಾನು ಒಂದು ಮಾತನ್ನೂ ಬಿಡದೆ ಹೇಳಿದೆ. ಅವರು ನನ್ನ ಮಫ್ಲರನ್ನೂ ಕಣ್ಣೀರನ್ನೂ ನೋಡಿ, ಮಷೀನಿನವರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದರು. ಇಬ್ಬರೂ ಮಷೀನ್ ಹೆಗಲಿಗೇರಿಸಿಕೊಂಡು ಹೊರಟರು.

“ಮರಿಗಳು ಹಾರಿಹೋಗುವ ತನಕ ಮರ ಮುಟ್ಟುವುದಿಲ್ಲ. ಅಲ್ಲಿಯವರೆಗೆ ವಾಸನೆ ಬಂದರೆ ನನಗೆ ಮೆಸೇಜ್ ಮಾಡಬೇಡ, ನಿನ್ನ ತಾಯಿಗೆ ಹೇಳು” ಎಂದು ಹೇಳಿ ಅವರೂ ಹೋದರು.

ಮಧ್ಯಾಹ್ನ ಅವ್ವ ನನಗೆ ಎಣ್ಣೆನೀರು ಹಾಕುತ್ತಿದ್ದಳು. ನೀರು ಎಷ್ಟು ಬಿಸಿ ಇತ್ತು ಅಂತ ಹೇಳುವುದಿಲ್ಲ. (ಸಿಟ್ಟಿತ್ತೋ ಏನೋ.) ಅವಳ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಧೈರ್ಯ ಮಾಡಿದೆ.

“ಅವ್ವಾ, ವಿಮಾನ ಬೇಡ ಅಂತ ಡಾಕ್ಟ್ರು ಹೇಳಿರ್ಲಿಲ್ಲ. ನಾನೇ ಸುಳ್ಳು ಹೇಳ್ದೆ.”

ಒಂದು ಚೊಂಬು ನೀರು ಬಿತ್ತು. ಇನ್ನೊಂದು ಬಿತ್ತು.

“ಗೊತ್ತು ಬುಡು.”

“ಗೊತ್ತಿತ್ತಾ? ಯಾವಾಗಿಂದ?”

“ನೀನ್ ಯೋಳ್ದಾಗ್ಲೇ. ಸುಳ್ ಯೋಳುವಾಗ ನೀನು ಉಸ್ರುಗ್ ಒಂದ್ಸಲ ಅವ್ವಾ ಅವ್ವಾ ಅಂತೀಯ. ಗೊತ್ತಿದ್ದೇ ಬಂದೆ ಕಣಮ್ಮಿ. ಇನ್ನೇನ್ ಮಾಡಾನ? ನಿಂಗ್ ಆಗ್ದಿದ್ರೆ ನಂಗ್ ಆಯ್ತದಲ್ಲ ಬರೋಕೆ. ತಲೆ ಬಗ್ಗುಸು, ಕಣ್ಗೆ ಸೀಗೇಪುಡಿ ಓಯ್ತದೆ.”

ತಲೆ ಬಗ್ಗಿಸಿದೆ. ಬೇರೇನು ಮಾಡಲಿಕ್ಕಿತ್ತು? ಊರಿನವರಿಗೆ ಏನೂ ಗೊತ್ತಾಗುವುದಿಲ್ಲ ಅಂತ ಅಂದುಕೊಂಡು ದೂರದಲ್ಲಿರುವ ನಾವು ಎಷ್ಟು ಸುಳ್ಳು ಪೋಣಿಸುತ್ತೇವೆ! ರಜೆ ಸಿಗಲಿಲ್ಲ, ಟಿಕೆಟ್ ಸಿಗಲಿಲ್ಲ, ನೆಟ್‌ವರ್ಕ್ ಇರಲಿಲ್ಲ. ಅವರು ಎಲ್ಲದಕ್ಕೂ ‘ಆಗ್ಲಿ ಬುಡು’ ಎನ್ನುತ್ತಾರೆ. ನಂಬಿದರು ಅಂತ ನಾವು ನಿರಾಳವಾಗುತ್ತೇವೆ. ನಂಬಿದ್ದಾರೆಯೇ?

ಈಗ ಹೊಸ ತಲೆನೋವು. ಆ ಮರಿಗಳು ಹಾರಲು ಇನ್ನೂ ಮೂರು ತಿಂಗಳಾದರೂ ಬೇಕಂತೆ. ಅವ್ವನ ವೀಸಾದಲ್ಲಿ ಉಳಿದಿರುವುದು ಒಂದೂವರೆ ತಿಂಗಳು. ನಿನ್ನೆ ಅಳಿಯನನ್ನು ಕೂರಿಸಿಕೊಂಡು, “ವೀಸಾನ ವಸಿ ಮುಂದುಕ್ ಆಕುಸ್ಬುಡಿ ಅಳಿಯಂದ್ರೆ, ಬಾಣಂತನ ಇನ್ನೂ ಮುಗ್ದಿಲ್ಲ” ಎಂದು ಹೇಳಿದ್ದಾಳೆ. ಇವರು ಆಗಲೇ ಅರ್ಜಿ ತುಂಬುತ್ತಿದ್ದಾರೆ.

ಯಾರ ಬಾಣಂತನ ಅಂತ ಕೇಳುವ ಧೈರ್ಯ ನಮಗಿಬ್ಬರಿಗೂ ಇಲ್ಲ, ನಿಮಗಿದ್ದರೆ ಬಂದು ಕೇಳುತ್ತೀರಾ?